ಬಳೆಗಾರನ ಮನೆಯ ಶರಬತ್ತು

೨೨-೯-೭೭, ಗುರುವಾರ, ಬೆಳಿಗ್ಗೆ

ನಾಲ್ಕು ಹಣ್ಣು ಬಿದ್ದಿದ್ದವು. ಒಂದಕ್ಕೆ ಇರುವೆ ಮುತ್ತಿತ್ತು, ಬಿಟ್ಟೆ. ಉಳಿದವನ್ನು ಒರೆಸಿ ಬುಟ್ಟಿಗೆ ಹಾಕಿದೆ. ಬಳ್ಳಿಯಿಂದ ಕೀಳುವುದಿಲ್ಲ. ತಾನಾಗಿ ಉದುರಿದ್ದನ್ನಷ್ಟೇ ಆರಿಸುವುದು. ಸಿಪ್ಪೆ ಸುಕ್ಕಾದಷ್ಟೂ ಒಳಗೆ ಸಿಹಿ. ಮಗ ಫಕ್ರು ಹೇಳಿಕೊಟ್ಟದ್ದು. ಲಾರಿಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಮಡಿಕೇರಿಗೆ ಹೋದಾಗ ಯಾವುದೋ ಕಾಫಿ ತೋಟದ ಮುದುಕಿ ಅವನಿಗೆ ಕೊಟ್ಟ ಹಣ್ಣು. ಬೀಜವನ್ನು ಬಚ್ಚಲ ನೀರು ಹರಿಯುವಲ್ಲಿ ಒಗೆದಿದ್ದೆ. ಈಗ ಮಾಳಿಗೆ ಏರಿ ಕೂತಿದೆ. ಟಿಕೋಟಾದ ಬಿಸಿಲಿಗೆ ಹೆದರಲಿಲ್ಲ.

ಪ್ಯಾಶನ್ ಫ್ರೂಟ್ ಅನ್ನುತ್ತಾರಂತೆ. ನಮ್ಮ ಓಣಿಗೆ ಅದು ಶರಬತ್ ಹಣ್ಣು. ಹೂವು ನೋಡಿದರೆ ಯಾರೋ ಬಳೆಗಾರನೇ ಕೂತು ಮಾಡಿದ ಹಾಗಿದೆ — ಬಿಳಿ ದಳದ ಮೇಲೆ ಸುತ್ತಲೂ ನೇರಳೆ ಎಳೆ, ಕೈತುಂಬ ಬಳೆ ತೊಟ್ಟಂತೆ. ಇಷ್ಟು ವರ್ಷ ಬಳೆಯ ಮಲಾರ ಹೊತ್ತು ತಿರುಗಿದ ಕಣ್ಣಿಗೆ ಇನ್ನೇನು ಕಂಡೀತು.

ನನ್ನ ಮನೆಯಾಕೆ ರಾಜಬಿ ಈಗ ಚೆನ್ನಾಗಿ ಮಲಗುತ್ತಿದ್ದಾಳೆ. ಅದೂ ಈ ಬಳ್ಳಿಯದೇ ಉಪಕಾರ. ಎಲೆಯನ್ನು ನೆರಳಲ್ಲಿ ಒಣಗಿಸಿ, ಕುದಿಸಿ, ಸೋಸಿ ಕೊಡುತ್ತೇನೆ. ಕಹಿ ಅಂತ ಗೊಣಗುತ್ತಾಳೆ, ಕುಡಿಯುತ್ತಾಳೆ. ಮೊದಲು ಮಗ್ಗುಲು ಹೊರಳಿಸುತ್ತಲೇ ಬೆಳಗು ಮಾಡುತ್ತಿದ್ದವಳು.

ಬಬಲೇಶ್ವರಕ್ಕೆ ಮಾಬುಬಿಗೆ ಕಾಗದ ಬರೆದೆ. ನಿನ್ನ ಮಗಳು ನಮ್ಮ ಮನೆಯಲ್ಲಿ ಚೆನ್ನಾಗಿದ್ದಾಳೆ ಅಂತ ಬರೆದೆ. ತಂಗಿಗೆ ಬರೆಯುವಾಗ ಕೈ ತಾನೇ ಒಳ್ಳೆಯದನ್ನು ಬರೆಯುತ್ತದೆ. ಆದರೆ ಹಸೀನಾ ಚೆನ್ನಾಗಿದ್ದಾಳೆಯೇ? ಕಂದೀಲು ಒರೆಸುವವನು ನಾನು. ಅವಳ ಕೋಣೆಯ ಕಂದೀಲಿನಲ್ಲಿ ಬೆಳಿಗ್ಗೆ ಹನಿ ಎಣ್ಣೆ ಇರುವುದಿಲ್ಲ. ಗಾಜು ಕಪ್ಪು. ಹುಡುಗಿ ಮಲಗುತ್ತಿಲ್ಲ.

೨೫-೯-೭೭, ರವಿವಾರ

ಇವತ್ತೂ ಎಣ್ಣೆ ಖಾಲಿ.

ಹಸೀನಾಳನ್ನೇ ಕೇಳಲು ಬರುವುದಿಲ್ಲ. ಸಣ್ಣಾಕೆ ಇದ್ದಾಗ ನನ್ನ ಮಲಾರದ ಮುಂದೇ ಕೂತು "ಮಾಮಾ, ನನಗ ಹಸರು... ಮಾಮಾ, ನನಗ ಕೆಂಪು" ಅಂತ ಪ್ರಾಣ ತಿನ್ನುತ್ತಿದ್ದವಳು. ಫಕ್ರುನ ಜತೆ ನಿಕಾಹ್ ಆದ ದಿನದಿಂದ ತಲೆಯ ಮೇಲೆ ಸೆರಗು, ಬಾಯಿಗೆ ಬೀಗ. ಸೋದರಮಾವನಾಗಿದ್ದವನು ಮಾವನಾದೆ. ಸೊಸೆ ಮಾವನೆದುರು ಮಾತಾಡುವಂತಿಲ್ಲ, ಮಾವ ಆಡಿಸುವಂತಿಲ್ಲ. ಏನಿದ್ದರೂ ರಾಜಬಿಯ ಬಾಯಿಂದ ಹೋಗಬೇಕು, ರಾಜಬಿಯ ಕೈಯಿಂದ ಬರಬೇಕು.

ರಾಜಬಿಯನ್ನು ಕೇಳಿದೆ.

"ಹಸೀನಾಗ ನಿದ್ದಿ ಹತ್ತೂದಿಲ್ಲೇನು?"

"ಹತ್ತತೈತ್ರಿ. ಹೆಣ್ಮಕ್ಕಳ ವಿಷಯ ನಿಮಗ್ಯಾಕ? ನಿಮ್ಮ ಬಳಿ ವ್ಯಾಪಾರ ನೀವು ನೋಡಕೊಳ್ರಿ."

ಇನ್ನೇನಿರುತ್ತದೆ. ಗಂಡ ತಿಂಗಳಲ್ಲಿ ಮುಕ್ಕಾಲು ಪಾಲು ಲಾರಿಯ ಮೇಲೆ. ಅದೇ ಚಿಂತೆ. ಕಷಾಯ ಕೊಡುತ್ತೇನೆ ಅಂದರೆ ಯಾಕೆ ಏನು ಅಂತ ಮಾತು ಹುಟ್ಟುತ್ತದೆ. ಗಂಡನಿಲ್ಲದೆ ನಿದ್ದೆ ಬರುವುದಿಲ್ಲ ಅಂತ ಮಾವನಿಗೆ ತಿಳಿಯಿತಲ್ಲ ಎಂದು ಹುಡುಗಿ ನಾಚಿ ಸಾಯುತ್ತಾಳೆ. ಅದಕ್ಕೇ... ಸಂಜೆಯ ಶರಬತ್ತಿಗೆ ಎಲೆಯ ಕಷಾಯ ಬೆರೆಸಿದೆ. ಬೆಲ್ಲ ಒಂದಿಷ್ಟು ಜಾಸ್ತಿ. ಚಿಟಿಕೆ ಉಪ್ಪು. ನಾನು ಬೆರೆಸಿದೆ, ರಾಜಬಿ ಒಯ್ದಳು. ಹಣ್ಣಿನ ಶರಬತ್ತು ಅಂತಲೇ ಒಯ್ದಳು.

ಯಾರಿಗೂ ಹೇಳಿಲ್ಲ. ಒಳ್ಳೆಯ ಕೆಲಸ ಬಚ್ಚಿಟ್ಟು ಮಾಡಿದರೇನು ತಪ್ಪು.

೨೯-೯-೭೭, ಗುರುವಾರ

ಕಂದೀಲಿನಲ್ಲಿ ಅರ್ಧಕ್ಕೂ ಮೇಲೆ ಎಣ್ಣೆ. ಗಾಜು ಸ್ವಚ್ಛ. ಖುಷಿಯಾಯಿತು.

ಬಸಗೊಂಡಪ್ಪ ಬಂದಿದ್ದ, ಪಕ್ಕದ ಮನೆಯವನು. ಚಾವಡಿಯ ಮೇಲೆ ಕೂತು ಎರಡು ಗಿಲಾಸು ಶರಬತ್ತು ಇಳಿಸಿದ.

"ಏ ಬಳಿಗಾರ, ನಿದ್ದಿ ಎಲಿ ನನಗೂ ಒಂದು ಮುಷ್ಟಿ ಕೊಡೋ."

"ನಿನಗ್ಯಾಕ? ನೀ ಕುಂತಲ್ಲೇ ಗೊರಕಿ ಹೊಡಿತಿ."

"ನನಗಲ್ಲೋ, ನಮ್ಮನ್ಯಾಕಿಗೆ. ನನ್ನ ಗೊರಕಿಗೆ ಎತ್ತು ಹಗ್ಗಾ ಹರಕೋತಾವ, ಆಕಿ ಹೆಂಗ ಮಲಗ್ಬೇಕು?"

ಕಟ್ಟಿಕೊಟ್ಟೆ. ಸಂತೆಯಲ್ಲೂ ಇಬ್ಬರು ಕೇಳಿದರು, ಒಣಗಿದ ಮೇಲೆ ಕೊಡುತ್ತೇನೆ ಅಂದೆ. ಹೊಟ್ಟೆ ಉರಿಗೆ ಹಣ್ಣು, ನಿದ್ದೆಗೆ ಎಲೆ ಅಂತ ಹೇಳುತ್ತಾ ತಿರುಗುತ್ತಿದ್ದೇನೆ. ಬಳೆಗಾರ ಹೋಗಿ ಹಕೀಮ ಆದ ಅಂತ ರಾಜಬಿ ನಗುತ್ತಾಳೆ.

೬-೧೦-೭೭, ಗುರುವಾರ, ಮಧ್ಯಾಹ್ನ

ಸ್ವಲ್ಪ ಅಂಜಿಕೆ.

ಹಸೀನಾ ಒಲೆಯ ಮುಂದೆ ಕೂತಲ್ಲೇ ತೂಕಡಿಸಿದಳಂತೆ. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ರಾಜಬಿ ಭುಜ ಹಿಡಿದು ಅಲುಗಾಡಿಸಿದಾಗ ಕಣ್ಣು ಬಿಟ್ಟಳು. ಸೆರಗು ಬೆಂಕಿಯಿಂದ ಗೇಣು ದೂರ. ಎಲೆ ಹೆಚ್ಚಾಯಿತೇ? ಇವತ್ತಿನಿಂದ ಅರ್ಧ ಮಾಡಬೇಕು. ನಿಲ್ಲಿಸಲೇ? ನಿಲ್ಲಿಸಿದರೆ ಮತ್ತೆ ಕಂದೀಲು ಉರಿಯುತ್ತದೆ. ಅರ್ಧ ಸಾಕು.

ಹುಚ್ಚವ್ವ ಬಂದಿದ್ದಳು. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದು. ಸೂಲಗಿತ್ತಿಗೂ ದಸರೆಗೆ ಬಳೆ ಬೇಕಲ್ಲ ಎಂದುಕೊಂಡೆ. ರಾಜಬಿಯ ಜತೆ ಒಳಗೆ ಕೂತು ಪಿಸುಪಿಸು. ನಾನು ನೀರು ಕುಡಿಯಲು ಹೋದೆ, ಇಬ್ಬರೂ ಸುಮ್ಮನಾದರು.

"ಏನ ನಡೀತು?" ಅಂದೆ.

"ನಿಮ್ಮ ಶರಬತ್ತಿನ ಸುದ್ದೀನ ನಡೆದಿತ್ರೀ ಕಾಕಾ," ಅಂದಳು ಹುಚ್ಚವ್ವ. ಬಳೆ ನೋಡಲೇ ಇಲ್ಲ, ಎದ್ದು ಹೋದಳು.

೧೧-೧೦-೭೭, ಮಂಗಳವಾರ

ಮಲಾರ ಕಟ್ಟುತ್ತಿದ್ದೆ. ರಾಜಬಿ ಹಿತ್ತಲಿಂದ ಬಂದಳು. ಮುಖದಲ್ಲಿ ಬಣ್ಣವಿಲ್ಲ.

"ಹುಚ್ಚವ್ವನ್ನ ಕರಕೊಂಡ ಬರ್ರಿ."

"ಯಾಕ? ಏನಾತು?"

"ಮೊದಲ ಕರಕೊಂಡ ಬರ್ರಿ. ಆಮ್ಯಾಲೆ ಕೇಳ್ರಿ."

ಹೊರಟೆ. ಸೂಲಗಿತ್ತಿಯನ್ನು ಯಾಕೆ? ದಾರಿಯಲ್ಲಿ ಅದೊಂದೇ. ಹನುಮಂತದೇವರ ಗುಡಿಯ ಮುಂದೆ ಬರುವಾಗ ತಿಳಿಯಿತು. ಕಾಲು ನಿಂತವು.

ಊರಿನ ಯಾವ ಸೊಸೆ ಬಸುರಿ ಅಂತ ಮೊದಲು ಗೊತ್ತಾಗುವುದು ನನಗೆ. ಅತ್ತೆಯಂದಿರು ಬಂದು ಹಸಿರು ಬಳೆ ಎತ್ತಿಡಲು ಹೇಳುತ್ತಾರೆ. ನನ್ನ ಮನೆಯದು ನನಗೆ ಗೊತ್ತಿಲ್ಲ.

ಹುಚ್ಚವ್ವನನ್ನು ಕರೆತಂದು ಬಾಗಿಲ ಹೊರಗೆ ನಿಂತೆ. ಒಳಗೆ ಹುಚ್ಚವ್ವನ ದನಿ:

"ರಕ್ತ ಕಾಣಾಕತ್ತೈತಿ. ಮೂರು ತುಂಬಿಲ್ಲ ಇನ್ನಾ. ಹೋದ ವರ್ಷನೂ ಹಿಂಗ ಆತು. ನನ್ನ ನಂಬಿ ಕೂಡಬ್ಯಾಡ್ರೆವ್ವಾ, ವಿಜಾಪುರಕ್ಕ ಒಯ್ರಿ."

ರಾಜಬಿ ಹೊರಬಂದಳು. ನನ್ನನ್ನು ನೋಡಲಿಲ್ಲ, ಗೋಡೆಗೆ ಹೇಳಿದಳು. "ಹ್ವಾದ ವರ್ಷ ಆಕಿಗೆ ಜ್ವರ ಅಂದಿದ್ದೆನಲ್ರಿ. ಅದು ಜ್ವರಲ್ಲ. ಈ ಸಲ ಮೂರು ತುಂಬೂತನಾ ಯಾರ ಕಿವಿಗೂ ಹಾಕಬಾರದಂತ... ದಿನಾ ಅದ ಅಂಜಿಕಿಲೆ ಆಕಿ ಮಲಗ್ತಿದ್ದಿಲ್ಲ."

ಅದೇ ಅಂಜಿಕೆಯಲ್ಲಿ ಮಲಗುತ್ತಿರಲಿಲ್ಲ. ಫಕ್ರುನ ಚಿಂತೆಯಲ್ಲ.

ಗಿಲಾಸು. ನಿನ್ನೆ ಸಂಜೆಯದು. ಮೊನ್ನೆಯದು. ಅರ್ಧ ಮಾಡುವ ಮೊದಲಿನವು.

ಅದೇ ದಿನ, ಹೊರಡುವ ಮುಂಚೆ

ರಾಜಬಿ ಬಟ್ಟೆ ಗಂಟು ಕಟ್ಟುತ್ತಿದ್ದಾಳೆ. ಬಸ್ಸಿಗೆ ಇನ್ನೂ ಹೊತ್ತಿದೆ. ಒಣಗಿದ ಎಲೆಯನ್ನೆಲ್ಲ ಒಲೆಗೆ ಸುರಿದೆ. ಹೊಗೆ ಕಣ್ಣಿಗೆ ಹೊಡೆಯಿತು.

ಆಮೇಲೆ ನೆನಪಾಯಿತು, ಬಸಗೊಂಡಪ್ಪನ ಮನೆಯಲ್ಲಿ ಇದೆ. ಓಡಿದೆ. ಅವನ ಮನೆಯಲ್ಲಿ ಸೊಸೆ ಇದ್ದಾಳೆ, ಮಗಳು ಬಂದಿದ್ದಾಳೆ. ನಿಮ್ಮಲ್ಲಿ ಯಾರಾದರೂ ಬಸುರಿ ಇದ್ದಾರೆಯೇ ಅಂತ ಹೆಂಗಸರನ್ನು ಹೇಗೆ ಕೇಳುವುದು? ಎಲೆಗೆ ಹುಳು ಬಿದ್ದಿದೆ, ವಾಪಸು ಕೊಡು ಅಂದೆ.

"ಹುಳಾ ಎಲ್ಲೈತೋ? ಚಲೋನ ಅದಾವ," ಅಂದ.

"ಕೊಡೋ ಮಾರಾಯಾ."

ನನ್ನ ಮುಖ ನೋಡಿ ಕೊಟ್ಟುಬಿಟ್ಟ.

ರಾಜಬಿಗೆ ಹೇಳಬೇಕು. ಈಗಲೇ. ಹಸೀನಾ ಗೋಡೆ ಹಿಡಿದು ನಡೆದು ಬರುತ್ತಿದ್ದಾಳೆ. ತುಟಿ ಬಿಳಿ. ಈಗ ಹೇಗೆ ಹೇಳಲಿ...

೧೨-೧೦-೭೭, ಬುಧವಾರ, ವಿಜಾಪುರ

ದವಾಖಾನೆಯ ಹೊರಗೆ, ಬೇವಿನ ಗಿಡದ ಕೆಳಗೆ. ಹೆಂಗಸರ ವಾರ್ಡು, ನನ್ನನ್ನು ಬಿಡುವುದಿಲ್ಲ. ನಿನ್ನೆ ಸಿದ್ಧೇಶ್ವರ ಗುಡಿಯ ಹತ್ತಿರ, ನಾನು ಬಳೆ ತರುವ ಸಾಹುಕಾರರ ಅಂಗಡಿಯಲ್ಲಿ ತಂಗಿದ್ದೆ. ಅಥಣಿ ರಸ್ತೆಯ ಹೋಟೆಲಿನಲ್ಲಿ ಲಾರಿಯವರ ಕೈಗೆ ಫಕ್ರುನಿಗೆ ಸುದ್ದಿ ಕೊಟ್ಟಿದ್ದೇನೆ. ಲಾರಿ ಎಲ್ಲಿದೆಯೋ.

ರಕ್ತ ನಿಂತಿಲ್ಲ. ಕಡಿಮೆಯಾಗಿದೆ. ಕೂಸು ಇದೆ, ಉಳಿಯುತ್ತದೋ ಇಲ್ಲವೋ ಈಗ ಹೇಳಲಾಗದು ಅಂದರಂತೆ ಡಾಕ್ಟರಬಾಯಿ. ಕಾಲ ಕಡೆಗೆ ಇಟ್ಟಿಗೆಯಿಟ್ಟು ಮಂಚ ಎತ್ತರಿಸಿ ಮಲಗಿಸಿದ್ದಾರೆ.

ಬೆಳಿಗ್ಗೆ ಬಾಗಿಲ ಬಳಿ ನಿಂತಾಗ ಕಿವಿಯಾರೆ ಕೇಳಿದೆ. ಡಾಕ್ಟರಬಾಯಿ ರಾಜಬಿಯನ್ನು ಕೇಳಿದರು —

"ಹಳ್ಳಿ ಔಷಧ ಏನರೆ ಕೊಟ್ಟೀರೇನು? ಬೇರು, ಸೊಪ್ಪು, ಕಷಾಯ? ಖರೇ ಹೇಳ್ರಿ, ಬೈಯೂದಿಲ್ಲ."

"ಅಲ್ಲಾನ ಆಣಿ ಮಾಡಿ ಹೇಳ್ತೀನ್ರಿ ಬಾಯಾರ. ಒಂದು ಎಲಿ ಸೈತ ಕೊಟ್ಟಿಲ್ಲ. ನಮ್ಮ ಮನೀ ಹಣ್ಣಿನ ಶರಬತ್ತ ಅಷ್ಟ, ನನ್ನ ಕೈಲೇನ ಕೊಟ್ಟೀನಿ."

ಆಣೆ ಮಾಡಿದಳು. ಸುಳ್ಳೆಂದು ಗೊತ್ತಿಲ್ಲದೆ. ಎಂದೂ ಯಾವುದಕ್ಕೂ ಆಣೆ ಮಾಡದವಳು. ಬಾಗಿಲು ಹಿಡಿದು ನಿಂತಿದ್ದೆ, ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಹೊರಗೆ ಬಂದು ಈ ಗಿಡದ ಕೆಳಗೆ ಕೂತೆ.

ಮಾಬುಬಿ, ನಿನ್ನ ಮಗಳು ಒಳಗೆ ಮಲಗಿದ್ದಾಳೆ. ನಿನಗಿನ್ನೂ ಸುದ್ದಿ ಕಳಿಸಿಲ್ಲ. ಏನೆಂದು ಕಳಿಸಲಿ.

೧೩-೧೦-೭೭, ಗುರುವಾರ

ಹೇಳಿದೆ. ಡಾಕ್ಟರಬಾಯಿಗೆ.

ಬೆಳಿಗ್ಗೆ ಅವರು ಒಳಗೆ ಹೋಗುವ ಮುಂಚೆ ವರಾಂಡದಲ್ಲಿ ಅಡ್ಡ ನಿಂತೆ. ಜೇಬಿನಲ್ಲಿ ಒಂದು ಎಲೆ ಇತ್ತು. ಊರಿಂದ ಹೊರಡುವಾಗ ಯಾಕೆ ಹಾಕಿಕೊಂಡೆನೋ. ಅದನ್ನೇ ಮುಂದೆ ಹಿಡಿದೆ.

"ಇದು ಯಾವ ಗಿಡಾ?"

"ಶರಬತ್ ಹಣ್ಣಿನ ಬಳ್ಳಿರಿ. ನಿದ್ದಿ ಬರಲಿ ಅಂತ ಇದರ ಕಷಾಯ ಬೆರಸಿ ಕೊಟ್ಟೀನಿ. ಆಕಿ ಅತ್ತಿಗೆ ಗೊತ್ತಿಲ್ರಿ. ಯಾರಿಗೂ ಗೊತ್ತಿಲ್ಲ."

ಎಲೆ ಹೊರಳಿಸಿ ನೋಡಿದರು. ಮೂಸಿದರು. ಎಷ್ಟು ದಿನ, ಎಷ್ಟು ಸೊಪ್ಪು, ಎಷ್ಟು ಕುದಿಸಿದ್ದು ಎಲ್ಲ ಕೇಳಿದರು. ಹೇಳಿದೆ.

"ಇದರಿಂದನ ಆತು ಅಂತ ಹೇಳಾಕ ಬರೂದಿಲ್ಲ. ಅಲ್ಲ ಅಂತನೂ ಹೇಳಾಕ ಬರೂದಿಲ್ಲ. ಆಕಿಗೆ ಹ್ವಾದ ಸಲನೂ ಹಿಂಗ ಆಗೈತಿ. ಆದ್ರ ನಿದ್ದಿ ಬರಸೂದು ಯಾವುದರೆ ಇರಲಿ, ಹೊಟ್ಟಿಲೆ ಇದ್ದಾಕಿಗೆ ಕೇಳದ ಕೊಡಬಾರದು, ಅಜ್ಜಾರ."

"ಹೊಟ್ಟಿಲೆ ಅದಾಳಂತ ಗೊತ್ತಿರಲಿಲ್ರಿ."

ನನ್ನನ್ನೇ ನೋಡಿದರು. "ಒಂದ ಮನ್ಯಾಗ ಇರ್ತೀರಲ್ಲ?"

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಎಲೆಯನ್ನು ಚೀಟಿಯಲ್ಲಿ ಸುತ್ತಿಕೊಂಡು ಒಳಗೆ ಹೋದರು. ರಾಜಬಿಗೆ ಹೇಳಬೇಡಿ ಎಂದು ಕೇಳಬೇಕೆಂದಿದ್ದೆ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು.

ಅಲ್ಲ ಅಂತನೂ ಹೇಳಲು ಬರುವುದಿಲ್ಲ. ಈ ಮಾತು ತಲೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದೆ.

೧೫-೧೦-೭೭, ಶನಿವಾರ

ಫಕ್ರು ಬಂದ. ಲಾರಿಯ ಧೂಳಿನಲ್ಲೇ. ಒಳಗೆ ಬಿಡಲಿಲ್ಲ, ಕಿಟಕಿಯಿಂದ ಹೆಂಡತಿಯನ್ನು ನೋಡಿ ಬಂದ. ನಿನ್ನೆಯಿಂದ ರಕ್ತವಿಲ್ಲ. ಇನ್ನೂ ಏಳಬಾರದು, ಗಟ್ಟಿಯಾಗಿ ಕೆಮ್ಮಲೂಬಾರದು.

ಚಹದ ಅಂಗಡಿಗೆ ಕರೆದೊಯ್ದೆ. ಹೇಳಿದೆ. ತಲೆ ತಗ್ಗಿಸಿ ಕೇಳಿದ. ಹೊಡೆಯುತ್ತಾನೆ ಎಂದೇ ಅನ್ನಿಸಿತು ಒಂದು ಕ್ಷಣ. ಹೊಡೆದಿದ್ದರೆ ತಡೆಯುತ್ತಿರಲಿಲ್ಲ. ಅವನು ಗಿಲಾಸು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅಬ್ಬಾ... ಆ ಮುದಕಿ ಹೇಳಿದ್ಲು."

"ಏನು?"

"ಮಡಿಕೇರಿ ಮುದಕಿ. ಎಲಿ ಕುದಿಸಿ ಕುಡೀರಿ, ನಿದ್ದಿ ಬರತೈತಿ ಅಂದ್ಲು. ಬಸರಿ ಹೆಂಗಸರಿಗೆ ಮಾತ್ರ ಬ್ಯಾಡ ಅಂದ್ಲು."

"ನನಗ ಯಾಕ ಹೇಳ್ಲಿಲ್ಲೋ?"

"ನಿಮ್ಮ ಮುಂದ ಆ ಮಾತು ಹೆಂಗ ಆಡ್ಲಿ? ಅವ್ವನ ನಿದ್ದಿಗೆ ಅಂತ ಕೇಳಿದ್ರಿ. ಅವ್ವಗ ಅದೇನ ಸಂಬಂಧ ಅಂತ ಬಿಟ್ಟೆ."

ಅಂಗಡಿಯವ ಇನ್ನೊಂದು ಚಹ ಕೊಡಲೇ ಅಂತ ಕೇಳಿದ. ದುಡ್ಡು ಕೊಟ್ಟು ಎದ್ದೆ.

ಸೊಸೆ ಮಾವನಿಗೆ ಹೇಳಲಾರಳು. ಅತ್ತೆ ಗಂಡನಿಗೆ ಹೇಳಲಾರಳು. ಮಗ ಅಪ್ಪನಿಗೆ ಹೇಳಲಾರ. ನಾನು ಯಾರಿಗೂ ಹೇಳಲಿಲ್ಲ. ಎಲ್ಲರೂ ಮರ್ಯಾದೆಯವರು.

೧೯-೧೦-೭೭, ಬುಧವಾರ

ಇವತ್ತು ಬಿಟ್ಟರು. ಹೆರಿಗೆಯವರೆಗೂ ಮಲಗಿಯೇ ಇರಲಿ, ನೀರು ಎತ್ತಬಾರದು, ಮೆಟ್ಟಿಲು ಹತ್ತಬಾರದು ಅಂದರು ಡಾಕ್ಟರಬಾಯಿ. ತವರಿನಲ್ಲಿರಲಿ ಎಂದು ರಾಜಬಿಯೇ ಅಂದಳು. ಸಾಹುಕಾರರು ಜೀಪು ಕೊಟ್ಟರು. ಬಬಲೇಶ್ವರದ ದಾರಿ ಇಷ್ಟು ಉದ್ದವೆಂದು ಗೊತ್ತಿರಲಿಲ್ಲ. ತಗ್ಗು ಬಂದಾಗಲೆಲ್ಲ ಹಿಂದೆ ತಿರುಗಿ ನೋಡುತ್ತಿದ್ದೆ. ಹಸೀನಾ ಕಣ್ಣು ಮುಚ್ಚಿ ತುಟಿ ಅಲುಗಾಡಿಸುತ್ತಿದ್ದಳು. ದುಆ ಇರಬೇಕು.

ಫಕ್ರು ಮುಂಚೆಯೇ ಸುದ್ದಿ ಮುಟ್ಟಿಸಿದ್ದ, ಮಾಬುಬಿ ಬಾಗಿಲಲ್ಲೇ ನಿಂತಿದ್ದಳು. ಮಗಳನ್ನು ಒಳಗೆ ಮಲಗಿಸಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು.

"ನೀ ಇದ್ದಿ ಅಂತ ಉಳದ್ಲು, ಅಣ್ಣಾ. ವ್ಯಾಳ್ಯಾಕ್ಕ ಒಯ್ದಿ."

ಹೇಳಬೇಕಿತ್ತು. ಆ ಕೈಯನ್ನು ಬಿಡಿಸಿಕೊಂಡು ಹೇಳಬೇಕಿತ್ತು. ತಲೆ ಅಲ್ಲಾಡಿಸಿದೆ.

ತಿರುಗಿ ಬರುವ ಬಸ್ಸಿನಲ್ಲಿ ರಾಜಬಿಗೆ ಹೇಳಿದೆ. ಗಂಡಸರ ಸೀಟು ಹೆಂಗಸರ ಸೀಟು ಅಂತ ನೋಡದೆ ಪಕ್ಕದಲ್ಲೇ ಕೂತು ಹೇಳಿದೆ. ಕೂಗಾಡಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ಆ ಗಿಲಾಸ ನನ್ನ ಕೈಲೆ ಒಯ್ಸಿದ್ರಿ."

ಅಷ್ಟೇ. ಟಿಕೋಟಾ ಹತ್ತಿರ ಬಂದಾಗ ಇನ್ನೊಂದು ಮಾತು —

"ಮಾಬುಬಿಗೆ ನೀವ ಹೇಳ್ಬೇಕು. ನಾ ಹೇಳೂದಿಲ್ಲ. ಆದ್ರ ನೀವು ಹೇಳೂತನಾ ನಾ ಆಕಿ ಕಣ್ಣಾಗ ಕಣ್ಣಿಟ್ಟು ಮಾತಾಡೂದಿಲ್ಲ."

೮-೧೧-೭೭, ಮಂಗಳವಾರ

ಬರೆಯಲು ಮನಸ್ಸಾಗಿರಲಿಲ್ಲ. ದೀಪಾವಳಿ ಬಂತು, ಬಳೆಯ ವ್ಯಾಪಾರದ ಹೊತ್ತು. ಹೋಗುತ್ತೇನೆ, ಬರುತ್ತೇನೆ. ಯಾರಾದರೂ ಸಣ್ಣ ವಯಸ್ಸಿನವರು ಕೈ ಚಾಚಿದರೆ ಅಂಜಿಕೆ. ಈಕೆ ಬಸುರಿ ಇರಬಹುದೇ? ಯಾರದೋ ಮನೆಯಲ್ಲಿ ಯಾವುದೋ ಕಷಾಯ ಕುದಿಯುತ್ತಿರಬಹುದೇ?

ತಿಳಿಯದೆ ಮಾಡಿದ ಆಣೆಗೆ ಪಾಪವಿಲ್ಲ ಅಂತ ಮೌಲವಿಯವರು ಹೇಳಿದರು. ಆದರೂ ರಾಜಬಿ ರೋಜಾ ಉಪವಾಸ ಹಿಡಿದಿದ್ದಾಳೆ. ಕಷಾಯ ಬಿಟ್ಟಿದ್ದಾಳೆ. ಮತ್ತೆ ಮಗ್ಗುಲು ಹೊರಳಿಸುತ್ತಾಳೆ. ಈಗ ಎಣ್ಣೆ ಖಾಲಿಯಾಗುವುದು ನಮ್ಮ ಕೋಣೆಯ ಕಂದೀಲಿನಲ್ಲಿ.

ಹಣ್ಣು ಉದುರುತ್ತಲೇ ಇವೆ. ಆರಿಸುವವರಿಲ್ಲ. ಬಚ್ಚಲ ಮೂಲೆಯಲ್ಲಿ ಕೊಳೆತು ವಾಸನೆ. ನಿನ್ನೆ ಕುಡುಗೋಲು ತೆಗೆದುಕೊಂಡು ಹೋದೆ. ಬುಡಕ್ಕೆ ಇಟ್ಟಿದ್ದೆ, ರಾಜಬಿ ಹಿಂದೆಯೇ ಬಂದಳು.

"ಬಳ್ಳಿ ಏನ ಮಾಡ್ತು? ತಾನ ನಡಕೊಂಡ ಬಂದು ಗಿಲಾಸಿನ್ಯಾಗ ಬಿತ್ತೇನು?"

ಕುಡುಗೋಲು ಕೆಳಗಿಟ್ಟೆ.

ಮಾಬುಬಿಗೆ ಕಾಗದ ಶುರು ಮಾಡುತ್ತೇನೆ. ಕ್ಷೇಮ, ಮಳೆ, ಬೆಳೆ, ಫಕ್ರು ಯಾವ ಊರಿಗೆ ಹೋದ... ಆಮೇಲೆ ಪೆನ್ನು ನಿಲ್ಲುತ್ತದೆ. ಹರಿದು ಹಾಕುತ್ತೇನೆ. ಬಳೆ ಸುತ್ತಿ ತಂದ ಹಳೆಯ ಪೇಪರು ಓದಿ ಓದಿ ಅಕ್ಷರ ಕಲಿತವನು ನಾನು. ಇಷ್ಟು ಕಲಿತೆ, ಈ ಒಂದು ಸಾಲು ಬರೆಯಲು ಬರುವುದಿಲ್ಲ.

೩೦-೧೨-೭೭, ಶುಕ್ರವಾರ

ಮಾಬುಬಿಯ ಕಾಗದ, ಯಾರ ಕೈಯಿಂದಲೋ ಬರೆಸಿದ್ದು. ಕೂಸು ಮಿಸುಕಾಡುತ್ತಿದೆಯಂತೆ.

ಓದಿ ರಾಜಬಿಗೆ ಹೇಳಿದೆ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಹೋದಳು. ನಾನು ಚಾವಡಿಯಲ್ಲೇ ಕೂತೆ. ಖುಷಿಪಡಲೂ ಅಂಜಿಕೆ. ಮಿಸುಕಾಡುತ್ತಿದೆ ಸರಿ — ಕೈಕಾಲು ಸರಿ ಇವೆಯೇ? ಕಣ್ಣು? ಎಲೆ ಎಲ್ಲಿಗೆ ಹೋಗಿ ಏನು ಮಾಡಿದೆಯೋ ಯಾರು ಬಲ್ಲರು. ಹುಟ್ಟುವವರೆಗೂ ತಿಳಿಯದು.

ಕಾಗದದ ಕೊನೆಗೆ ಇನ್ನೂ ಇತ್ತು. ಏಳನೆಯ ತಿಂಗಳಿಗೆ ಬಳೆ ತೊಡಿಸಬೇಕು, ಬೇರೆ ಬಳೆಗಾರ ಯಾಕೆ, ನೀನೇ ಬಾ. ಬರುವಾಗ ನಿನ್ನ ಬಳ್ಳಿಯ ಶರಬತ್ತು ತಾ. ಹಸೀನಾ ಕೇಳಿದ್ದಾಳೆ.

ಹಸೀನಾ ಕೇಳಿದ್ದಾಳೆ?

೧೫-೨-೭೮, ಬುಧವಾರ

ಹಣ್ಣಿನ ಕಾಲ ಮುಗಿಯುತ್ತ ಬಂದಿದೆ. ಎಲೆ ಹಳದಿ. ಬುಡದಲ್ಲಿ ಹುಡುಕಿ ಹುಡುಕಿ ಒಂದು ಬುಟ್ಟಿಯ ತಳ ಮುಚ್ಚುವಷ್ಟು ಸಿಕ್ಕವು. ಹಣ್ಣಿನಿಂದ ತೊಂದರೆಯಿಲ್ಲ ಎಂದು ಡಾಕ್ಟರಬಾಯಿ ಅಂದೇ ಹೇಳಿದ್ದರು. ಮತ್ತೆ ವಿಜಾಪುರಕ್ಕೆ ಹೋಗಿ ಇನ್ನೊಮ್ಮೆ ಕೇಳಿ ಬಂದೆ.

"ಹಣ್ಣು ಹಣ್ಣ ರೀ ಅಜ್ಜಾರ. ಕುಡೀಲಿ," ಅಂದು ನಕ್ಕರು.

ಆದರೂ ಒಂದೊಂದು ಹಣ್ಣನ್ನೂ ತೊಳೆದೆ. ಅಂಟಿಕೊಂಡ ಎಲೆಯ ಚೂರು ಇದೆಯೇ ಅಂತ ಬಿಸಿಲಿಗೆ ಹಿಡಿದು ನೋಡಿದೆ. ಮತ್ತೆ ತೊಳೆದೆ. ರಾಜಬಿ ನೋಡುತ್ತಿದ್ದಳು. ನಗಲಿಲ್ಲ. ತಾನೂ ಕೂತು ತೊಳೆದಳು.

೧೯-೨-೭೮, ರವಿವಾರ, ಬಬಲೇಶ್ವರ

ಹೆಂಗಸರು ಊಟಕ್ಕೆ ಕೂತಿದ್ದಾರೆ. ಅಂಗಳದ ಬಾವಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಊಟ ಮುಗಿಯುವವರೆಗೆ ನನಗೆ ಸಮಯವಿದೆ.

ಹಸೀನಾಳನ್ನು ಚಾಪೆಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಮೈ ತುಂಬಿಕೊಂಡಿದ್ದಾಳೆ. ಸೆರಗು ಕಣ್ಣಿನವರೆಗೆ. ಸುತ್ತ ಓಣಿಯ ಹೆಂಗಸರು. ಮಲಾರ ಬಿಚ್ಚಿದೆ. ಅವಳು ಕೈ ಚಾಚಿದಳು. ಮದುವೆಯಾದ ಮೇಲೆ ಈ ಕೈ ಹಿಡಿದದ್ದು ಇದೇ ಮೊದಲು. ಬೆರಳು ಸ್ವಲ್ಪ ಬಾತಿದ್ದವು. ಹಸಿರು ಬಳೆ ಏರಿಸಿದೆ. ಒಂದು. ಇನ್ನೊಂದು. ಗೆಣ್ಣಿನ ಹತ್ತಿರ ನನ್ನ ಕೈ ನಡುಗಿತು — ಬಳೆ ಚಟ್ಟೆಂದಿತು.

ಬಸುರಿಯ ಕೈಯಲ್ಲಿ ನಾನು ಬಳೆ ಒಡೆದವನಲ್ಲ. ಎಂದೂ ಇಲ್ಲ. ಅವಳ ಮಣಿಕಟ್ಟಿನಲ್ಲಿ ರಕ್ತ, ಸಾಸಿವೆ ಕಾಳಿನಷ್ಟು. ಯಾರೋ "ಯಾ ಅಲ್ಲಾ" ಅಂದರು. ಆ ಕೆಂಪು ನೋಡಿ ಕೈ ಹಿಂದೆಳೆದುಕೊಂಡೆ.

ಹಸೀನಾ ಚೂರುಗಳನ್ನು ತಾನೇ ಆರಿಸಿ ಪಕ್ಕಕ್ಕಿಟ್ಟಳು.

"ಗಾಜಲ್ಲೇನ, ಒಡೀತೈತಿ. ಮಾಮಾ, ಇನ್ನೊಂದು ಹಾಕ್ರಿ."

ಎಲ್ಲರೆದುರು. ನನಗೇ. ನೇರವಾಗಿ. ಸೊಸೆಯ ಬಾಯಲ್ಲಿ ಮಾತು ಬಂದದ್ದಕ್ಕೆ ಒಬ್ಬ ಮುದುಕಿ ಮೂಗಿನ ಮೇಲೆ ಬೆರಳಿಟ್ಟಳು. ಹಸೀನಾ ಕೈ ಚಾಚಿಯೇ ಇದ್ದಳು. ಹಾಕಿದೆ. ಕೊನೆಯವರೆಗೂ ಹಾಕಿದೆ. ಮತ್ತೆ ಒಡೆಯಲಿಲ್ಲ.

"ಕೂಸು ಒದೀತೈತೇನವ್ವಾ?" ಅಂತ ಕೇಳಿಬಿಟ್ಟೆ. ಇಂಥ ಮಾತು ಮಾವ ಕೇಳುವುದಲ್ಲ. ಕೇಳಿದೆ.

"ಒದೀತೈತ್ರಿ. ಅದಕ್ಕ ಈಗ ನಿದ್ದಿ ಇಲ್ಲ."

ಅಂದು ಸಣ್ಣಗೆ ನಕ್ಕಳು.

ರಾಜಬಿ ಶರಬತ್ತಿನ ಗಿಲಾಸು ತಂದಳು. ಹಸೀನಾ ಕೈಯಲ್ಲಿ ಹಿಡಿದು ಕುಡಿಯದೆ ನೋಡಿದಳು. ಆಮೇಲೆ ನನಗಷ್ಟೇ ಕೇಳುವ ಹಾಗೆ —

"ಮಾಮಾ, ಇದು ಕಹಿ ಇಲ್ಲಲ್ರಿ?"

ಮಲಾರ ಕಟ್ಟುತ್ತಿದ್ದವನು ತಲೆ ಎತ್ತಿದೆ.

"ಆವಾಗಿಂದು ಕಹಿ ಇತ್ತು. ನನಗ ಗೊತ್ತಾಗಿತ್ತು."

"ಹಂಗಾರ ಯಾಕ ಕುಡದೆವ್ವಾ?"

"ನೀವ ಮಾಡಿದ್ದಂತ ಅತ್ತಿ ಅಂದ್ರು. ನಿಮಗ ಬ್ಯಾಡ ಅನ್ನಾಕ ಹೆಂಗ ಬರತೈತ್ರಿ?"

ಗಿಲಾಸು ಅವಳ ಕೈಯಿಂದ ತೆಗೆದುಕೊಂಡೆ. ಒಂದು ಗುಟುಕು ನಾನು ಕುಡಿದೆ. ಹುಳಿ, ಸಿಹಿ, ತುಸು ಉಪ್ಪು. ಇನ್ನೊಂದು ಗುಟುಕು ಕುಡಿದೆ, ಅಂಜಿಕೆ ಹೋಗಲಿಲ್ಲ. ಎಷ್ಟು ಕುಡಿದರೂ ಹೋಗುತ್ತಿರಲಿಲ್ಲ. ವಾಪಸು ಕೊಟ್ಟೆ.

"ಬ್ಯಾಡ ಅನ್ಸಿದ್ರ ಬ್ಯಾಡನ್ನವ್ವಾ. ನನಗ ಅನ್ನು. ಬಾಯಿಲೆ ಅನ್ನು."

ಕುಡಿದಳು. ಪೂರ್ತಿ ಅಲ್ಲ, ಅರ್ಧ. ಉಳಿದದ್ದನ್ನು ಕೆಳಗಿಟ್ಟು "ಸಾಕ್ರಿ, ಮಾಮಾ" ಅಂದಳು.

ಮಾಬುಬಿ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಸಕ್ಕರೆಯ ತಟ್ಟೆ. ಯಾವಾಗ ಬಂದಳೋ.

"ಏನ ಕಹಿ? ಯಾವಾಗಿಂದು?"

ಹಸೀನಾ ನನ್ನನ್ನು ನೋಡಿದಳು. ರಾಜಬಿ ನನ್ನನ್ನು ನೋಡಿದಳು. ಮಾಬುಬಿ ಮಾತ್ರ ನಗುತ್ತಲೇ ಇದ್ದಳು, ಇದೇನೋ ಮಾವ-ಸೊಸೆಯ ಚೇಷ್ಟೆ ಎಂಬಂತೆ.

"ಊಟ ಆಗಲಿ. ಹೇಳ್ತೀನಿ," ಅಂದೆ.

ಊಟ ಆಗುತ್ತಿದೆ. ಒಳಗೆ ತಟ್ಟೆ ಎತ್ತುವ ಸದ್ದು. ಈ ತಂಗಿಯನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವನು. ಹೇಳಿದ ಮೇಲೆ ಈ ಮನೆಯ ನೀರು ನನಗೆ ಸಿಗುತ್ತದೋ ಇಲ್ಲವೋ. ಬಾಣಂತನಕ್ಕೆ ಕರೆಯುತ್ತಾಳೋ ಇಲ್ಲವೋ. ಕೂಸಿನ ಮುಖ ತೋರಿಸುತ್ತಾಳೋ... ರಾಜಬಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಇತ್ತಲೇ ನೋಡುತ್ತಿದ್ದಾಳೆ.

ಮಾಬುಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಾಳೆ.

"ಅಣ್ಣಾ, ಇಲ್ಲಿ ಕುಂತೂ ಬರೀಬೇಕೇನು? ನನಗ ಕಾಗದ ಆದ್ರ ಅಂಚಿ ಯಾಕ, ಇಲ್ಲೇ ಓದು."

ಪಕ್ಕದಲ್ಲೇ ಕೂತಳು. ಬರೆಯುವುದನ್ನು ನೋಡುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಬರೆಯುತ್ತ ಬರೆಯುತ್ತಲೇ ಓದುತ್ತೇನೆ ಅಂದೆ. ಮಾಬುಬಿ, ಆ ಗಿಲಾಸಿನಲ್ಲಿ ನಾನು...